ತಾಲ್ಲೂಕು ಮ್ಯೂಸಿಯಂಗೆ ಜನ ಬರಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನಮ್ಮದು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಊರಿನಲ್ಲಿ ಸಣ್ಣದೊಂದು ಮ್ಯೂಸಿಯಂ ಇದೆ. ವೀರಗಲ್ಲು, ಮಾಸ್ತಿಕಲ್ಲು, ಒಂದೆರಡು ಶಾಸನ, ಹಳೇ ನಾಣ್ಯ, ಸೇರು-ಪಾವು, ಒನಕೆ, ಬೀಸೋಕಲ್ಲು ಎಲ್ಲ ಇವೆ. ವರ್ಷಕ್ಕೊಮ್ಮೆ ಶಾಲೆ ಮಕ್ಕಳನ್ನು ಸಾಲಾಗಿ ಕರೆತಂದು ಸಾಲಾಗಿ ಕರೆದುಕೊಂಡು ಹೋಗುತ್ತಾರೆ. ಅದು ಬಿಟ್ಟರೆ ಯಾರೂ ಬರುವುದಿಲ್ಲ. ಈಗ ದಾನಿಗಳೊಬ್ಬರು ಸ್ವಲ್ಪ ಹಣ ಕೊಟ್ಟಿದ್ದಾರೆ. ಟಚ್‌ಸ್ಕ್ರೀನ್ ಮತ್ತು ಧ್ವನಿ-ಬೆಳಕು ಹಾಕಿಸೋಣ ಎಂದು ಸಮಿತಿಯಲ್ಲಿ ಕೆಲವರು ಹೇಳುತ್ತಿದ್ದಾರೆ. ಹಣವನ್ನು ಅದಕ್ಕೇ ಹಾಕಬೇಕಾ? ಸಾಮಾನ್ಯ ಜನಕ್ಕೆ ಹಿಂದಿನ ಕಾಲದ ಬಗ್ಗೆ ಆಸಕ್ತಿ ಹುಟ್ಟಿಸುವುದು ನಿಜವಾಗಿಯೂ ಆಗುವ ಕೆಲಸವಾ?

ಉತ್ತರ: ಮೇಷ್ಟ್ರೇ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಜನಕ್ಕೆ ಆಸಕ್ತಿ ಹುಟ್ಟಿಸಬೇಕಾಗಿಲ್ಲ. ಅದು ಈಗಾಗಲೇ ಇದೆ. ನಿಮ್ಮೂರಿನ ಹೆಸರು ಹೇಗೆ ಬಂತು ಎಂದು ಅರಳಿಕಟ್ಟೆಯಲ್ಲಿ ಒಮ್ಮೆ ಕೇಳಿ ನೋಡಿ. ಐದು ಜನ ಐದು ಕಥೆ ಹೇಳುತ್ತಾರೆ, ಯಾವುದು ಸರಿ ಎಂದು ವಾದಕ್ಕೂ ಇಳಿಯುತ್ತಾರೆ. ಮನೆದೇವರು ಯಾವ ಊರಿನದು, ಮುತ್ತಜ್ಜ ಯಾವ ಬರಗಾಲದಲ್ಲಿ ಇಲ್ಲಿಗೆ ಬಂದ, ಕೆರೆ ಕಟ್ಟಿಸಿದ್ದು ಯಾರು, ಇದೆಲ್ಲ ಜನ ದಿನಾ ಮಾತಾಡುವ ವಿಷಯ. ಮ್ಯೂಸಿಯಂ ಬಾಗಿಲು ದಾಟಿದ ಮೇಲೆ ಮಾತ್ರ ಈ ಮಾತಿಗೆ ಜಾಗ ಇರುವುದಿಲ್ಲ. ಅಲ್ಲಿ ಎಲ್ಲವೂ ಒಂದೇ ಕಡೆಯಿಂದ. ನಾವು ಹೇಳುತ್ತೇವೆ, ನೀವು ಓದಿ, ಮುಟ್ಟಬೇಡಿ, ಮುಂದೆ ಹೋಗಿ. ಬಂದವರನ್ನು ಯಾರೂ ಏನೂ ಕೇಳುವುದಿಲ್ಲ. ಮ್ಯೂಸಿಯಂ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡ ತೊಂದರೆ ಇದು. ನಿಮ್ಮ ಹಣ ಮೊದಲು ಇದನ್ನು ಸರಿಮಾಡುವುದಕ್ಕೆ ಹೋಗಬೇಕು.

ಹಾಗಾಗಿ ಟಚ್‌ಸ್ಕ್ರೀನ್ ಈಗ ಬೇಡ. ನನಗೆ ಯಂತ್ರದ ಮೇಲೆ ಸಿಟ್ಟಿಲ್ಲ. ಆದರೆ ಕಲ್ಲಿನ ಪಕ್ಕದ ಲೇಬಲ್ಲಿನಲ್ಲಿ ಹೇಳಲು ಏನೂ ಇಲ್ಲದಿದ್ದರೆ ಸ್ಕ್ರೀನಿನಲ್ಲೂ ಅದೇ ಬರುತ್ತದೆ. ಜೊತೆಗೆ ಧೂಳು, ಕರೆಂಟ್ ಹೋಗಿಬರುವುದು, ಎರಡನೇ ವರ್ಷಕ್ಕೆ ರಿಪೇರಿ. ತಾಲ್ಲೂಕು ಮಟ್ಟದಲ್ಲಿ ಆ ರಿಪೇರಿಗೆ ಯಾರನ್ನು ಕರೆಸುತ್ತೀರಿ? ಕೆಟ್ಟು ನಿಂತ ಸ್ಕ್ರೀನ್ ಇರುವ ಮ್ಯೂಸಿಯಂ, ಸ್ಕ್ರೀನೇ ಇಲ್ಲದ ಮ್ಯೂಸಿಯಂಗಿಂತ ಬಿಕೋ ಅನ್ನಿಸುತ್ತದೆ.

ಮೊದಲು ಲೇಬಲ್. ಒಂದು ಉದಾಹರಣೆ ಕೊಡುತ್ತೇನೆ, ಏಕೆಂದರೆ ಇಲ್ಲಿ ಸಣ್ಣ ಬದಲಾವಣೆಯಿಂದ ದೊಡ್ಡ ಫಲ ಸಿಗುತ್ತದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಆತಕೂರಿನ ಕಲ್ಲು ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನಿಂದ ಬಂದದ್ದು. ಇಂಥ ಕಲ್ಲಿಗೆ ನಮ್ಮಲ್ಲಿ ಸಾಮಾನ್ಯವಾಗಿ ಬರೆಯುವ ಲೇಬಲ್ ಹೀಗಿರುತ್ತದೆ: ‘ಶಿಲಾಶಾಸನ, ಕ್ರಿ.ಶ. 949–50, ರಾಷ್ಟ್ರಕೂಟ-ಗಂಗರ ಕಾಲ, ಹಳಗನ್ನಡ’. ತಪ್ಪೇನೂ ಇಲ್ಲ. ಆದರೆ ಇದನ್ನು ಓದಿ ಯಾರು ನಿಲ್ಲುತ್ತಾರೆ? ಈಗ ಇದನ್ನು ಓದಿ:

‘ಈ ಕಲ್ಲಿನಲ್ಲಿ ಒಂದು ನಾಯಿ ಇದೆ. ಹುಡುಕಿ. ಅದರ ಹೆಸರು ಕಾಳಿ. ತಕ್ಕೋಲದಲ್ಲಿ ಚೋಳರ ಮೇಲೆ ದೊಡ್ಡ ಯುದ್ಧ ನಡೆಯಿತು. ಅದರಲ್ಲಿ ಕಾದಿದ ಮಣಲೆರನಿಗೆ ಅವನ ಒಡೆಯ ಮೆಚ್ಚಿ, ಏನು ಬೇಕು ಕೇಳು ಅಂದ. ಮಣಲೆರ ಈ ನಾಯಿಯನ್ನು ಕೇಳಿದ. ಆಮೇಲೆ ಒಂದು ಬೇಟೆಯಲ್ಲಿ ಕಾಳಿ ದೊಡ್ಡ ಕಾಡುಹಂದಿಯ ಮೇಲೆ ಬಿದ್ದಿತು. ಎರಡೂ ಕಾದಾಡಿ ಸತ್ತವು. ನಾಯಿಯ ನೆನಪಿಗೆ ಮಣಲೆರ ಊರ ಗುಡಿಯ ಮುಂದೆ ಈ ಕಲ್ಲು ನಿಲ್ಲಿಸಿದ, ಪೂಜೆಗೆ ಭೂಮಿ ಬಿಟ್ಟ. ನಿಮ್ಮ ಮನೆಯಲ್ಲಿ ಸತ್ತ ಯಾವ ಪ್ರಾಣಿಯನ್ನು ನೀವು ಇನ್ನೂ ನೆನೆಯುತ್ತೀರಿ?’

ಎಲ್ಲ ಸಂಗತಿಯೂ ಆ ಕಲ್ಲಿನಲ್ಲೇ ಇದೆ. ಕಡೆಯ ಪ್ರಶ್ನೆ ಮಾತ್ರ ನಮ್ಮದು. ‘ಹುಡುಕಿ’ ಅನ್ನುವ ಒಂದು ಮಾತು ಕಣ್ಣನ್ನು ಕಲ್ಲಿನ ಕಡೆ ತಿರುಗಿಸುತ್ತದೆ. ಕಡೆಯ ಪ್ರಶ್ನೆ ಪಕ್ಕದಲ್ಲಿ ನಿಂತವರ ಕಡೆ ತಿರುಗಿಸುತ್ತದೆ. ಮಗು ಅಪ್ಪನನ್ನು ಕೇಳುತ್ತದೆ, ಅಪ್ಪ ತಮ್ಮ ಮನೆಯ ಎತ್ತಿನ ಕಥೆ ಹೇಳುತ್ತಾನೆ. ಕಾಲ, ವಂಶ, ಲಿಪಿ ಎಲ್ಲ ಬೇಕು, ಅವನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಕೊಡಿ. ಮೇಲಿನ ಅಕ್ಷರ ಮಾತ್ರ ದೊಡ್ಡದಿರಲಿ, ಕನ್ನಡಕ ಮರೆತು ಬಂದವರಿಗೂ ಕಾಣುವಷ್ಟು.

ನಿಮ್ಮ ಕಲ್ಲುಗಳಿಗೂ ಹೀಗೆ ಬರೆಯಬಹುದು. ಶಾಸನ ಓದುವವರು ಸಿಗುವುದಿಲ್ಲವಲ್ಲ ಎಂದು ಕೈಚೆಲ್ಲಬೇಡಿ. ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 5ನೇ ಸಂಪುಟದಲ್ಲಿ 1902ರಲ್ಲೇ ಅಚ್ಚು ಹಾಕಿಸಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಆಮೇಲೆ ಪರಿಷ್ಕರಿಸಿದ ಸಂಪುಟಗಳನ್ನೂ ತಂದಿದೆ. ನಿಮ್ಮ ಶಾಸನದ ಪಾಠ ಅದರಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಊರಿನ ಹೆಸರು ಹಿಡಿದು ಹುಡುಕಿ. ಕನ್ನಡ ಎಂ.ಎ. ಮಾಡಿದ ಒಬ್ಬರು ಪಕ್ಕದಲ್ಲಿ ಕೂತರೆ ಸಾಕು.

ಅಕ್ಷರವೇ ಇಲ್ಲದ ವೀರಗಲ್ಲೂ ಕಥೆ ಹೇಳುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಅಷ್ಟನ್ನು ಹೇಳಿಕೊಟ್ಟರೇ ಕಣ್ಣು ತೆರೆಯುತ್ತದೆ. ಕೆಳಗಿನ ಪಟ್ಟಿಯಲ್ಲಿ ಜಗಳ. ದನ ಕೆತ್ತಿದ್ದರೆ ತುರುಗಾಳಗ, ಅಂದರೆ ಊರಿನ ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಹತ್ತಿರ ಕೂತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವು ಇರುವವರೆಗೂ ಈ ನೆನಪು ಇರಲಿ ಅಂತ. ಕಲ್ಲಿನ ಪಕ್ಕದಲ್ಲೇ ಒಂದು ಸಣ್ಣ ಗೆರೆಚಿತ್ರ ಹಾಕಿ, ಪಟ್ಟಿಗಳಿಗೆ ಒಂದು, ಎರಡು, ಮೂರು ಎಂದು ಗುರುತು ಕೊಡಿ. ಒಂದು ಕಲ್ಲು ಓದಲು ಕಲಿತವರು ಸುಮ್ನೆ ಹೋಗುವುದಿಲ್ಲ. ಪಕ್ಕದ ಕಲ್ಲನ್ನೂ ಓದುತ್ತಾರೆ, ಆಮೇಲೆ ತಮ್ಮೂರಿನ ಕೆರೆ ಏರಿಯ ಮೇಲಿನ ಕಲ್ಲನ್ನೂ.

ಶಾಸನಕ್ಕೆ ಒಂದು ಟಾರ್ಚ್ ಸಾಕು. ಇದನ್ನು ಮಾಡಿಯೇ ನೋಡಬೇಕು. ಕಿಟಕಿ ಮುಚ್ಚಿ. ಟಾರ್ಚನ್ನು ಎದುರಿನಿಂದ ಹಿಡಿದರೆ ಕಲ್ಲು ಬೋಳಾಗಿ ಕಾಣುತ್ತದೆ. ಅದನ್ನೇ ಪಕ್ಕಕ್ಕೆ ತಂದು, ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಹಿಡಿಯಿರಿ. ತಗ್ಗಿನಲ್ಲೆಲ್ಲ ನೆರಳು ಕೂರುತ್ತದೆ, ಅಕ್ಷರ ಒಂದೊಂದೇ ಎದ್ದು ಬರುತ್ತದೆ. ಬಹಳಷ್ಟು ಶಾಸನಗಳು ‘ಸ್ವಸ್ತಿ’ ಎಂದು ಶುರುವಾಗುತ್ತವೆ. ಮಕ್ಕಳಿಗೆ ಅದನ್ನು ಹುಡುಕಲು ಬಿಡಿ. ಹೊಯ್ಸಳರ ಕಾಲದ ಕಲ್ಲಾದರೆ ಇವತ್ತಿನ ಕನ್ನಡ ಬಲ್ಲ ಹುಡುಗಿ ಒಂದಷ್ಟು ಅಕ್ಷರ ತಾನೇ ಗುರುತು ಹಿಡಿಯುತ್ತಾಳೆ. ‘ಇದು ರ! ಇದು ನ!’ ಎಂದು ಕೂಗುತ್ತಾಳೆ. ಕೂಗಲಿ. ಮ್ಯೂಸಿಯಂ ಅಂದರೆ ಪಿಸುಗುಟ್ಟುವ ಜಾಗ ಎಂದು ಯಾರು ಹೇಳಿದ್ದು?

ಇನ್ನು ಸೇರು-ಪಾವು. ನಿಮ್ಮಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇರುವುದೇ ನಿಮ್ಮ ದೊಡ್ಡ ಆಸ್ತಿ, ಏಕೆಂದರೆ ಅದನ್ನು ಬಳಸಿದವರು ಇನ್ನೂ ನಿಮ್ಮೂರಿನಲ್ಲಿ ಇದ್ದಾರೆ. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು. 1956ರ ಅಳತೆ-ತೂಕದ ಕಾನೂನಿನ ನಂತರದ ಕೆಲವು ವರ್ಷಗಳಲ್ಲಿ ಕೆಜಿ, ಲೀಟರ್ ಬಂದವು. ಈಗ ಎಂಬತ್ತು ದಾಟಿದವರು ಆಗ ಅಂಗಡಿಗೆ ಓಡಿಹೋಗಿ ಸಾಮಾನು ತರುತ್ತಿದ್ದ ಮಕ್ಕಳು. ಹದಿನಾರಾಣೆಗೆ ಒಂದು ರೂಪಾಯಿ, ಆಣೆಗೆ ಹನ್ನೆರಡು ಕಾಸು ಎಂಬ ಲೆಕ್ಕ ಅವರ ಬಾಯಲ್ಲಿ ಇನ್ನೂ ಇದೆ. ಅಂಥ ಅಜ್ಜಿಯೊಬ್ಬರನ್ನು ಕರೆದು ಕೂರಿಸಿ. ಪೆಟ್ಟಿಗೆಯಲ್ಲಿರುವ ಹಳೆಯದನ್ನು ಮುಟ್ಟಬೇಡಿ. ಯಾರದಾದರೂ ಮನೆಯಿಂದ ಬಳಕೆಯ ಪಾವು, ಅಚ್ಚೇರು, ಸೇರು ತನ್ನಿ. ಒಂದು ಮೊರ, ಎರಡು ಸೇರು ರಾಗಿ. ಮಕ್ಕಳು ಅಳೆಯಲಿ. ತಲೆ ಸವರಿ ಅಳೆಯುವುದು ಬೇರೆ, ಗೋಪುರವಾಗಿ ತುಂಬಿ ಅಳೆಯುವುದು ಬೇರೆ. ಸಾಲ ಕೊಡುವಾಗ ಹೇಗೆ ಅಳೆಯುತ್ತಿದ್ದರು, ವಾಪಸ್ ತೆಗೆದುಕೊಳ್ಳುವಾಗ ಹೇಗೆ ಎಂದು ಅಜ್ಜಿಯನ್ನೇ ಕೇಳಿ. ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಊರಿನ ಬಡತನ, ಸಾಲ, ಮೋಸ ಅಲ್ಲಿ ಒಂದು ಪಾವಿನ ಬಾಯಂಚಿನಲ್ಲಿ ಅರ್ಥವಾಗುತ್ತದೆ. ಆಕೆ ಹೇಳಿದ್ದನ್ನು, ಒಪ್ಪಿಗೆ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬೀಸೋಕಲ್ಲಿಗೂ ಹಾಗೇ. ಕಲ್ಲು ಮಾತ್ರ ಇಟ್ಟು ಬೀಸೋ ಪದ ಬಿಟ್ಟರೆ ಅರ್ಧವೇ ಉಳಿಸಿದಂತೆ. ರಾಮನಗರದ ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು ವಸ್ತುಗಳ ಜೊತೆ ಹಾಡು, ಕಥೆಗಳನ್ನೂ ಧ್ವನಿ ಮುದ್ರಿಸಿ ಇಟ್ಟರು. ಅವರ ಕೆಲಸದಲ್ಲಿ ನನಗೆ ತುಂಬ ದೊಡ್ಡದು ಅನ್ನಿಸುವುದು ಅದು.

ಈಗ ನನ್ನ ಮನಸ್ಸಿನಲ್ಲಿ ಬಹಳ ಆಳವಾಗಿ ಕೂತಿರುವ ಉದಾಹರಣೆಗೆ ಬರುತ್ತೇನೆ. ಅದು ನಮ್ಮ ದೇಶದ್ದಲ್ಲ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಊರಿನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆ ಇತ್ತು. ಬೇರೆ ಬೇರೆ ಬಣ್ಣದ, ಧರ್ಮದ ಜನ ಒತ್ತೊತ್ತಾಗಿ ಬದುಕುತ್ತಿದ್ದ ಜಾಗ. 1966ರಲ್ಲಿ ಅಲ್ಲಿನ ವರ್ಣಭೇದ ಸರ್ಕಾರ ಅದನ್ನು ಬಿಳಿಯರಿಗೆ ಮಾತ್ರ ಎಂದು ಘೋಷಿಸಿತು. ಮುಂದಿನ ವರ್ಷಗಳಲ್ಲಿ 60,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಿ ಊರಾಚೆಯ ಮರಳು ಬಯಲಿಗೆ ಕಳಿಸಿದರು. ಮನೆಗಳ ಮೇಲೆ ಬುಲ್ಡೋಜರ್ ಹರಿಯಿತು. 1994ರಲ್ಲಿ, ಆ ಆಡಳಿತ ಕೊನೆಯಾದ ವರ್ಷವೇ, ಹತ್ತಿರದ ಒಂದು ಹಳೇ ಚರ್ಚಿನಲ್ಲಿ ಮ್ಯೂಸಿಯಂ ತೆರೆದರು. ಇಡಲು ಅವರ ಹತ್ತಿರ ಏನಿತ್ತು? ಬೀದಿಗಳ ಹೆಸರಿನ ಹಲಗೆಗಳಿದ್ದವು. ಮನೆ ಕೆಡವುವ ಕೆಲಸದಲ್ಲಿದ್ದ ಒಬ್ಬ ಮನುಷ್ಯ ಅವನ್ನು ಎಸೆಯದೆ ಇಟ್ಟುಕೊಂಡಿದ್ದ. ಆಮೇಲೆ ಚರ್ಚಿನ ನೆಲದ ಮೇಲೆ ಇಡೀ ಬಡಾವಣೆಯ ದೊಡ್ಡ ನಕ್ಷೆ ಹಾಸಿದರು. ಅಲ್ಲಿ ಬದುಕಿದ್ದವರನ್ನು ಕರೆದು, ನಿಮ್ಮ ಮನೆ ಎಲ್ಲಿತ್ತೋ ಅಲ್ಲಿ ಹೆಸರು ಬರೆಯಿರಿ ಎಂದರು. ಜನ ಮಂಡಿಯೂರಿ ಕೂತು ಬರೆದರು. ಇಲ್ಲಿ ನಮ್ಮ ಮನೆ, ಇಲ್ಲಿ ಅಂಗಡಿ. ಉದ್ದನೆಯ ಬಟ್ಟೆಯ ಮೇಲೆ ನೆನಪುಗಳನ್ನು ಬರೆದರು, ಆ ಅಕ್ಷರಗಳ ಮೇಲೆ ದಾರದ ಕಸೂತಿ ಹಾಕಿದರು. ಅಲ್ಲಿ ಬಂದವರಿಗೆ ತೋರಿಸಿ ಹೇಳುವವರೂ ಆ ಬಡಾವಣೆಯಲ್ಲಿ ಬೆಳೆದವರೇ.

ಗಮನಿಸಿ, ಚಿನ್ನದ ಕಿರೀಟ ಇಲ್ಲ, ಸಾವಿರ ವರ್ಷದ ವಿಗ್ರಹ ಇಲ್ಲ. ಒಂದು ನಕ್ಷೆ, ಒಂದು ಪೆನ್ನು. ಆದರೂ ಅದು ಜಗತ್ತಿಗೆ ಗೊತ್ತಾದ ಮ್ಯೂಸಿಯಂ. ಏಕೆಂದರೆ ಅದು ಜನರನ್ನು ಕೇಳಿತು.

ಇದು ನಮಗೆ ದೂರದ ಮಾತಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋದವು. ಅಲ್ಲಿದ್ದವರು ನವನಗರಕ್ಕೆ ಬಂದರು. 1964ರ ಲಿಂಗನಮಕ್ಕಿಯಿಂದ ಶರಾವತಿ ಕಣಿವೆಯ ಊರುಗಳು ಮುಳುಗಿದವು. ಕನ್ನಂಬಾಡಿ ಎಂಬ ಊರು ಹೋಗಿ ಅಣೆಕಟ್ಟೆಗೆ ಹೆಸರಷ್ಟೇ ಉಳಿಯಿತು. ಅಲ್ಲಿನ ಮನೆ, ಬಾವಿ, ಗರಡಿ, ಹುಣಸೆಮರ ಎಲ್ಲೆಲ್ಲಿದ್ದವು ಎಂದು ಹೇಳಬಲ್ಲವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ನಿಮ್ಮೂರು ಮುಳುಗಿಲ್ಲ, ಸರಿ. ಆದರೆ ನಿಮ್ಮೂರಿನ ಹಳೇ ಪೇಟೆ ಬೀದಿ, ಕೋಟೆ ಬಾಗಿಲು, ಮುಚ್ಚಿಹೋದ ಕಲ್ಯಾಣಿ, ಈಗ ಬಸ್ ನಿಲ್ದಾಣ ಆಗಿರುವ ಕೆರೆ ಅಂಗಳ? ಸರ್ವೆ ಇಲಾಖೆಯಿಂದ ಹಳೇ ಗ್ರಾಮ ನಕ್ಷೆಯ ಪ್ರತಿ ತೆಗೆದುಕೊಳ್ಳಿ. ಫ್ಲೆಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಮುದ್ರಿಸಿ ನೆಲದ ಮೇಲೆ ಹಾಸಿ. ಪೆನ್ನು ಇಡಿ. ನಿಮ್ಮ ದಾನಿಗಳ ಹಣದಲ್ಲಿ ಇದಕ್ಕೆ ಹೋಗುವುದು ಅತಿ ಸ್ವಲ್ಪ.

ಒಂದು ವಿಷಯದಲ್ಲಿ ಮಾತ್ರ ಹಿಂಜರಿಯಬೇಡಿ. ಆ ನಕ್ಷೆಯ ಮೇಲೆ ಊರಾಚೆಯ ಕೇರಿಯೂ ಇರಬೇಕು. ಯಾವ ಬಾವಿಯಿಂದ ಯಾರು ನೀರು ಸೇದುವ ಹಾಗಿರಲಿಲ್ಲ ಎಂದು ಕೆಲವರು ಬರೆಯುತ್ತಾರೆ. ಬರೆಯಲಿ. ಕೆಲವರಿಗೆ ಕಸಿವಿಸಿ ಆಗುತ್ತದೆ, ಸಮಿತಿಯಲ್ಲಿ ಮಾತು ಬರುತ್ತದೆ. ಅಳಿಸಬೇಡಿ. ಊರಿನ ಅರ್ಧ ಜನರ ನೆನಪನ್ನು ಹೊರಗಿಟ್ಟು, ಜನ ಬರುವುದಿಲ್ಲ ಎಂದು ಬೇಸರಪಟ್ಟರೆ ಆಗುತ್ತದಾ? ಮಾಸ್ತಿಕಲ್ಲಿನ ವಿಷಯವೂ ಅಷ್ಟೇ. ಬಳೆ ತೊಟ್ಟ ಕೈ ಮೇಲೆತ್ತಿ ನಿಂತ ಆ ಹೆಂಗಸು ಗಂಡನ ಚಿತೆಯಲ್ಲಿ ಸತ್ತವಳು. ಲೇಬಲ್ಲಿನಲ್ಲಿ ‘ಪತಿವ್ರತೆಯ ತ್ಯಾಗ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಅದು ಸಾವು. ಜನ ಆಕೆಗೆ ಅರಿಶಿನ-ಕುಂಕುಮ ಹಚ್ಚಿದ್ದೂ ನಿಜ, ಆಕೆಯ ಮಾತು ಎಲ್ಲೂ ದಾಖಲಾಗಿಲ್ಲ ಎಂಬುದೂ ನಿಜ. ಎರಡನ್ನೂ ಬರೆಯಿರಿ. ನಿಮ್ಮ ಹೈಸ್ಕೂಲಿನ ಹೆಣ್ಣುಮಕ್ಕಳು ಆ ಕಲ್ಲಿನ ಮುಂದೆ ಏನು ಮಾತಾಡುತ್ತಾರೆ ಎಂದು ಪಕ್ಕದಲ್ಲಿ ನಿಂತು ಕೇಳಿ. ಉಪದೇಶ ಬೇಡ, ಬರೀ ಕೇಳಿ.

ಜನ ತಾವಾಗಿಯೇ ಮುಂದೆ ಬರುತ್ತಾರಾ ಎಂಬ ಅನುಮಾನ ನಿಮಗಿದ್ದರೆ ಬೆಂಗಳೂರಿನ ಹೆಬ್ಬಾಳ ನೋಡಿ. ಸುಮಾರು ಕ್ರಿ.ಶ. 750ರ, ಗಂಗರ ದೊರೆ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು ಅಲ್ಲಿ ಸಿಕ್ಕಿತು. ಊರನ್ನು ಕಾಯಲು ಹೋಗಿ ಸತ್ತವನು ಅವನು. ಆಸಕ್ತರು, ಸ್ಥಳೀಯರು ಸೇರಿ ಅದನ್ನು ಉಳಿಸಿದರು, ಅದಕ್ಕೊಂದು ಮಂಟಪ ಕಟ್ಟಿಸಿದರು. ದಿನಾ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವ ಹೆಬ್ಬಾಳಕ್ಕೆ 1,200 ವರ್ಷಕ್ಕಿಂತ ಹಿಂದೆ ಒಬ್ಬ ಮನುಷ್ಯ ಪ್ರಾಣ ಕೊಟ್ಟಿದ್ದ ಎಂದು ತಿಳಿದಾಗ ಜನಕ್ಕೆ ಏನೋ ಆಗುತ್ತದೆ. ಅದೇ ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಎಂಬ ಇತಿಹಾಸ ಸಂಶೋಧನೆಯ ಸಂಸ್ಥೆಯವರು ಶಾಸನಗಳ 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಬರಿಗಣ್ಣಿಗೆ ಕಾಣದ ಸವೆದ ಅಕ್ಷರ ಸ್ಕ್ಯಾನಿನಲ್ಲಿ ಕಾಣುತ್ತದೆ. ತಂತ್ರಜ್ಞಾನಕ್ಕೆ ಹಣ ಹಾಕುವುದಾದರೆ ಇಂಥದಕ್ಕೆ ಹಾಕಿ, ಏಕೆಂದರೆ ಇದು ಹೊಸದೇನನ್ನೋ ತೋರಿಸುತ್ತದೆ.

ಕಲ್ಲು ಮ್ಯೂಸಿಯಂಗೆ ಬಂದರೆ ಅದು ಸಿಕ್ಕ ಹಳ್ಳಿ ಖಾಲಿಯಾಗುತ್ತದೆ, ಇದೂ ಯೋಚಿಸಬೇಕಾದ ಮಾತು. ನಿಮ್ಮ ಜಿಲ್ಲೆಯದೇ ಹಲ್ಮಿಡಿ ಇದೆಯಲ್ಲ, ಬೇಲೂರು ತಾಲ್ಲೂಕು. ಮೂಲ ಶಾಸನ ಸರ್ಕಾರದ ಸುಪರ್ದಿಯಲ್ಲಿದೆ, ಊರಿನ ಮಂಟಪದಲ್ಲಿ ಫೈಬರ್ ಪ್ರತಿಕೃತಿ ಇದೆ. ಪ್ರತಿಕೃತಿ ಅಂದರೆ ಕಡಿಮೆ ಎಂದು ತಿಳಿಯಬೇಡಿ. ಅದನ್ನು ಮುಟ್ಟಬಹುದು. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಕಣ್ಣು ಕಾಣದವರಿಗಾಗಿಯೇ ಪ್ರತಿಕೃತಿಗಳ ಒಂದು ಗ್ಯಾಲರಿ ಮಾಡಿದ್ದಾರೆ, ಕೈಯಿಂದ ಸವರಿ ನೋಡುವುದಕ್ಕೆ. ನಿಮ್ಮ ಒಂದು ವೀರಗಲ್ಲಿನ ಪ್ರತಿಕೃತಿ ಮಾಡಿಸಿ ಬಾಗಿಲ ಹತ್ತಿರವೇ ಇಡಿ. ಶಾಸನದ್ದಾದರೆ ಇನ್ನೂ ಒಳ್ಳೆಯದು, ಅದರ ಮೇಲೆ ಪಡಿಯಚ್ಚು ತೆಗೆಯುವುದನ್ನು ಮಕ್ಕಳಿಗೆ ಕಲಿಸಬಹುದು. ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು ಅಕ್ಷರದ ತಗ್ಗಿಗೆ ಇಳಿಸಿ, ಮೇಲೆ ಮಸಿ ಒತ್ತಿದರೆ ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಮೂಲ ಕಲ್ಲಿನ ಮೇಲೆ ಮಾತ್ರ ಬೇಡ. ಅದು ತರಬೇತಿ ಇದ್ದವರ ಕೆಲಸ.

ಮ್ಯೂಸಿಯಂ ಹೊರಗೂ ಹೋಗಬೇಕು. ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯ 2015ರಿಂದ ಬಸ್ಸಿನಲ್ಲೇ ಒಂದು ಮ್ಯೂಸಿಯಂ ಓಡಿಸುತ್ತಿದೆ. ನಿಮಗೆ ಬಸ್ ಬೇಡ. ಸಂತೆ ದಿನ ಒಂದು ಮೇಜು, ಒಂದು ಪ್ರತಿಕೃತಿ, ಹೇಳುವವರು ಒಬ್ಬರು. ಹಾಗೆಯೇ ಸಮಯ ನೋಡಿ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತೆರೆದು, ಸಂತೆ ಸಂಜೆ, ಜಾತ್ರೆ ದಿನ ಬೀಗ ಹಾಕಿದರೆ ಕೂಲಿಗೆ ಹೋಗುವವರು ಯಾವಾಗ ಬರಬೇಕು? ಸಂತೆ ದಿನ ರಾತ್ರಿ ಎಂಟರವರೆಗೆ ತೆರೆದಿಡಿ, ಬೇಕಾದರೆ ಮರುದಿನ ಬೆಳಿಗ್ಗೆ ರಜೆ ಕೊಡಿ. ಕೂರಲು ಬೆಂಚು, ಕುಡಿಯಲು ನೀರು, ಹೆಂಗಸರಿಗೆ ಶುಚಿಯಾದ ಶೌಚಾಲಯ. ಇವಿಲ್ಲದೆ ಅಜ್ಜಿ-ಮೊಮ್ಮಕ್ಕಳು ಅರ್ಧ ಗಂಟೆ ನಿಲ್ಲುವುದಿಲ್ಲ. ಫೋಟೋ ತೆಗೆಯಲು ಬಿಡಿ, ಫ್ಲಾಶ್ ಬೇಡ ಅನ್ನಿ, ಸಾಕು. ಒಬ್ಬ ಹುಡುಗ ಸ್ಟೇಟಸ್ಸಿಗೆ ಹಾಕಿದ ವೀರಗಲ್ಲಿನ ಫೋಟೋ ನೀವು ಹಾಕುವ ಬ್ಯಾನರಿಗಿಂತ ಜಾಸ್ತಿ ಜನಕ್ಕೆ ತಲುಪುತ್ತದೆ. ನಿಮ್ಮ ಕಾವಲುಗಾರರಿಗೂ ಕಲ್ಲುಗಳ ಕಥೆ ಹೇಳಿಕೊಡಿ, ಅದಕ್ಕೆಂದು ಸಂಬಳದಲ್ಲಿ ಸ್ವಲ್ಪ ಸೇರಿಸಿ. ದಿನವಿಡೀ ಅಲ್ಲಿರುವವರು ಅವರೇ ಅಲ್ವಾ?

ಕಡೆಯದಾಗಿ ಒಂದು ಎಚ್ಚರಿಕೆ. ನೀವು ಜನರನ್ನು ಕೇಳಲು ಶುರು ಮಾಡಿದ ಕೂಡಲೇ ಅವರು ಮನೆಯಿಂದ ವಸ್ತು ತರುತ್ತಾರೆ. ಹಾಗೆ ತರುವ ಮೊದಲು, ಕೊಟ್ಟರೆ ಸರ್ಕಾರ ಕಿತ್ತುಕೊಳ್ಳುತ್ತದೆ ಎಂಬ ಭಯವೂ ಇರುತ್ತದೆ. ಆದ್ದರಿಂದ ವಸ್ತುವನ್ನು ಇಟ್ಟುಕೊಳ್ಳಲು ಹೋಗಬೇಡಿ. ಫೋಟೋ ತೆಗೆಯಿರಿ, ಅಳತೆ ಬರೆಯಿರಿ, ಅದರ ಬಗ್ಗೆ ಮನೆಯವರು ಹೇಳುವುದನ್ನು ಅವರ ಮಾತಿನಲ್ಲೇ ಒಂದು ರಿಜಿಸ್ಟರಿನಲ್ಲಿ ಬರೆದು ಅವರ ಮುಂದೆಯೇ ವಾಪಸ್ ಕೊಡಿ. ಪಾವು, ಒನಕೆ, ಹಳೇ ಪತ್ರ, ಮದುವೆ ಫೋಟೋ ಇಂಥದ್ದಕ್ಕೆ ಯಾವ ತೊಡಕೂ ಇಲ್ಲ. ನೂರು ವರ್ಷ ಮೀರಿದ ವಿಗ್ರಹ, ಶಿಲ್ಪ ಯಾರಾದರೂ ತಂದರೆ 1972ರ ಪುರಾವಸ್ತು ಕಾಯ್ದೆಯಂತೆ ಅದನ್ನು ನೋಂದಣಿ ಮಾಡಿಸಬೇಕು ಎಂದು ಮೆತ್ತಗೆ ತಿಳಿಸಿ, ಅರ್ಜಿ ತುಂಬಲು ನೀವೇ ನೆರವಾಗಿ. ಹೊಲ ಉಳುವಾಗ ನಾಣ್ಯದ ಗಡಿಗೆ ಸಿಕ್ಕಿತು ಎಂದು ಬಂದರೆ ಅದು ನಿಧಿ ಕಾಯ್ದೆಗೆ ಸೇರಿದ್ದು, ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಆ ದಿನ ಅವರ ಜೊತೆ ನೀವೂ ತಾಲ್ಲೂಕು ಕಚೇರಿಗೆ ಹೋಗಿ ಬನ್ನಿ. ನಿಮ್ಮನ್ನು ಮೇಷ್ಟ್ರೇ ಎಂದು ಕರೆಯುವ ಜನ ಅದಕ್ಕೆ ಒಪ್ಪುತ್ತಾರೆ.